‘ಮೊದಲಿನಿಂದ ಹಾಡಿ’ ಎಂದ ತಪ್ಪಿಗೆ

2014ರ ಜೂನ್ 3, ಮಂಗಳವಾರ, ಬೆಳಿಗ್ಗೆ 6 ಗಂಟೆ 40 ನಿಮಿಷ. ರಾಯಚೂರಿನಿಂದ ಮಕ್ತಲ್‌ಗೆ ಹೋಗುವ ಬಸ್ಸು ಹೊರಟಿತು. ನನ್ನದು ಎಡಗಡೆ ಮೂರನೆಯ ಸಾಲಿನ ಕಿಟಕಿ. ಚೀಲದಲ್ಲಿ ನಾಲ್ಕು ಜೊತೆ ಬಟ್ಟೆ, ಒಂದು ಡೈರಿ, ಮೂರು ಪೆನ್ನು, ಸುರುಳಿ ಸುತ್ತಿದ ಒಂದು ದಪ್ಪ ಹಾಳೆ. ಕಾಲಲ್ಲಿ ಹೊಸ ಚಪ್ಪಲಿ. ಚಪ್ಪಲಿಯನ್ನು ಈಗಲೇ ಬರೆದಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಹೊಳೆಯಾಚೆಯ ರಾಜ್ಯಕ್ಕೆ ಆಗ ಒಂದೇ ದಿನದ ವಯಸ್ಸು. “ಮೊನ್ನಿತನಕ ಆಂಧ್ರ ಇತ್ತು. ಈಗ ಅದು ಬ್ಯಾರೆ ದೇಶ ಆಗೇತಿ, ಹುಷಾರು” ಎಂದು ಅವ್ವ ಬುತ್ತಿ ಕಟ್ಟಿಕೊಟ್ಟಳು. ಐವತ್ತು ಕಿಲೋಮೀಟರಿಗೆ ಎರಡು ಹೊತ್ತಿನ ಬುತ್ತಿ. ಇಪ್ಪತ್ತಮೂರು ವರ್ಷದಲ್ಲಿ ನಾನು ಮದುವೆ, ಮುಂಜಿ ಬಿಟ್ಟರೆ ಆ ಕಡೆ ಕಾಲಿಟ್ಟವಳಲ್ಲ. ಆದ್ದರಿಂದ ಇದನ್ನು ಪರದೇಶ ಪ್ರವಾಸವೆಂದೇ ಬರೆಯುತ್ತಿದ್ದೇನೆ.

ಹೊರಟಿದ್ದು ಒಂದು ರಾಕ್ ಬ್ಯಾಂಡಿನ ಬೆನ್ನು ಹತ್ತಿ. ‘ಕರಿಕಂಬಳಿ’ ನಮ್ಮೂರಿನ ನಾಲ್ವರ ಬ್ಯಾಂಡು. ಹಾಡುವವನು ಮಲ್ಲೇಶ, ಗಿಟಾರ್ ಸಲೀಂ. ಇನ್ನಿಬ್ಬರು ಡ್ರಮ್ಸು ಮತ್ತು ಬೇಸ್ ನುಡಿಸುತ್ತಾರೆ, ಮಾತಾಡುವುದು ಕಡಿಮೆ. ಹೊಸ ರಾಜ್ಯದ ಸಂಭ್ರಮಕ್ಕೆ ಮಕ್ತಲ್, ನಾರಾಯಣಪೇಟೆ, ಗದ್ವಾಲಗಳ ಯುವಕ ಸಂಘಗಳು ಅವರನ್ನು ಕರೆಸಿದ್ದವು. ನಾನು ಒಂದು ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದಡಿ ರಕ್ತಕಣ ಎಣಿಸುವವಳು. ಹಾಡನ್ನೂ ಎಣಿಸುತ್ತೇನೆ. ಅಲ್ಲಿಯವರೆಗೆ ಅವರ ಹತ್ತೊಂಬತ್ತು ಕಾರ್ಯಕ್ರಮ ಕೇಳಿದ್ದೆ. ಯಾವ ಹಾಡು ಎಷ್ಟು ಸಲ, ಎಷ್ಟು ನಿಮಿಷ, ಎಲ್ಲ ಡೈರಿಯಲ್ಲಿದೆ.

ಅದರಲ್ಲಿ ಒಂದು ಸಾಲು ಮಾತ್ರ ನನ್ನನ್ನು ಕೂತಲ್ಲಿ ಕೂರಗೊಡುತ್ತಿರಲಿಲ್ಲ. ‘ಹಟ್ಟಿ’ ಎಂಬ ಹಾಡು ಸಿ.ಡಿ.ಯಲ್ಲಿ ಮಲ್ಲೇಶನ ಒಂಟಿ ದನಿಯಿಂದ ಶುರುವಾಗುತ್ತದೆ. ವಾದ್ಯವಿಲ್ಲದೆ ಎರಡು ನಿಮಿಷ ಕುರುಬರ ದೇವರು ಬೀರಪ್ಪನ ಕತೆಯ ಮೊದಲ ಪದಗಳು, ಆಮೇಲೆ ಗಿಟಾರು. ವೇದಿಕೆಯ ಮೇಲೆ ಅವನು ಆ ಭಾಗ ಹಾಡಿದ್ದೇ ಇಲ್ಲ, ನೇರ ಗಿಟಾರಿಗೇ ಬರುತ್ತಿದ್ದ. ಹತ್ತೊಂಬತ್ತಕ್ಕೆ ಸೊನ್ನೆ. ಸುರುಳಿ ಸುತ್ತಿದ ಹಾಳೆಯಲ್ಲಿ ನಾನು ದಪ್ಪಕ್ಷರದಲ್ಲಿ ಬರೆದುಕೊಂಡಿದ್ದೆ: “ಹಟ್ಟಿ — ಮೊದಲಿನಿಂದ ಹಾಡಿ!”

ಸೇತುವೆ, 7.20

ನಿಜಾಮನ ಕಾಲದ ಸೇತುವೆ ಕಿರಿದು. ಎದುರಿಗೆ ಲಾರಿ ಬಂದು ಹನ್ನೊಂದು ನಿಮಿಷ ನಿಂತೆವು. ಕೃಷ್ಣೆಯಲ್ಲಿ ನೀರಿಗಿಂತ ಬಂಡೆ ಹೆಚ್ಚು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಹೊಳೆಗೆ ಕೈಮುಗಿದಳು.

“ನೀವು ಈ ಕಡಿಯವರಾ, ಆ ಕಡಿಯವರಾ ಅಮ್ಮ?” ಎಂದೆ.

“ನಾವು ಹೊಳಿಯವರವ್ವ. ಕಡಿ ಎಲ್ಲ ನೀವು ಹಂಚ್ಕೋರಿ.”

ಆಚೆ ದಡದಿಂದ ನಾನು ಅಂಗಡಿ, ಕಚೇರಿಗಳ ಫಲಕ ಎಣಿಸತೊಡಗಿದೆ. ಮಕ್ತಲ್ ಮುಟ್ಟುವವರೆಗೆ ರಾಜ್ಯದ ಹೆಸರಿದ್ದ ಫಲಕ ಇಪ್ಪತ್ತಮೂರು. ಹೊಸ ಹೆಸರು ಬರೆದದ್ದು ಐದು, ಹಳೆಯದನ್ನು ಸುಣ್ಣದಿಂದ ಅಳಿಸಿ ಹಾಗೇ ಬಿಟ್ಟದ್ದು ಏಳು. ಉಳಿದ ಹನ್ನೊಂದಕ್ಕೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ಮಕ್ತಲ್

ಮಕ್ತಲ್‌ನಲ್ಲಿ ಒಂದು ವಿಚಿತ್ರ ಅಭ್ಯಾಸ ಕಂಡೆ. ನಾನು ಹರಕು ತೆಲುಗಿನಲ್ಲಿ ದಾರಿ ಕೇಳಿದರೆ ಕನ್ನಡದಲ್ಲಿ ಹೇಳುತ್ತಾರೆ, ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ. ಎಂಟು ಸಲ ಕೇಳಿದೆ, ಆರು ಸಲ ಹೀಗೇ ಆಯಿತು. ಬಂದವರಿಗೆ ಕಷ್ಟವಾಗಬಾರದೆಂದು ತಾವೇ ಇನ್ನೊಂದು ಕಡೆ ಜಿಗಿಯುತ್ತಾರೋ ಏನೋ. ರಾಯಚೂರಿನಲ್ಲಿ ನಾವು ಅಷ್ಟು ಶ್ರಮ ಪಡುವುದಿಲ್ಲ, ಕೈ ಮಾಡಿ ತೋರಿಸಿಬಿಡುತ್ತೇವೆ.

ಯಲ್ಲವ್ವತ್ತೆ ನನ್ನ ಅಪ್ಪನ ಅಕ್ಕ. ಮೂವತ್ತು ವರ್ಷದ ಹಿಂದೆ ಮಕ್ತಲ್‌ಗೆ ಮದುವೆಯಾಗಿ ಹೋದವಳು. ನಮ್ಮದು ಕುರುಬರ ಮನೆತನ. ನಾವು ಪೇಟೆ ಸೇರಿ ಉಣ್ಣೆ ಮರೆತೆವು, ಅವಳು ಈಗಲೂ ನೂಲುವ ಕದಿರು ತಿರುವುತ್ತಲೇ ಮಾತಾಡುತ್ತಾಳೆ. ಹಾಡುವವನು ನಮ್ಮ ಮಂದಿಯ ಹುಡುಗ ಎಂದು ಕೇಳಿದ್ದೇ ತಡ, ಓಣಿಯ ಹಿರಿಯರನ್ನೆಲ್ಲ ಎಬ್ಬಿಸಿಕೊಂಡು ಬಂದಳು.

ಕಾರ್ಯಕ್ರಮ ಮರುದಿನ ಸಂಜೆ ಆರೂವರೆಗೆ, ಮಾರುಕಟ್ಟೆಯ ಅಂಗಳದಲ್ಲಿ. ನೆಲದ ತುಂಬ ಶೇಂಗಾ ಸಿಪ್ಪೆ. ಮುಂದೆ ಕಂಬಳಿ ಹೆಗಲ ಮೇಲೆ ಹಾಕಿಕೊಂಡ ಹಿರಿಯರು, ಹಿಂದೆ ಕುಣಿಯುವ ಹುಡುಗರು. ಆರನೆಯ ಹಾಡು ಮುಗಿಯುತ್ತಲೇ ನಾನು ನನ್ನ ಹಾಳೆ ಬಿಚ್ಚಿ ಎತ್ತಿ ಹಿಡಿದೆ. ಬ್ಯಾಂಡಿನವರಿಗೆ ನಾನು ಗೊತ್ತು, ‘ಡೈರಿ ಅಕ್ಕ’ ಎನ್ನುತ್ತಾರೆ. ಮಲ್ಲೇಶ ಹಾಳೆ ಓದಿದ, ಮುಂದೆ ಕೂತ ಕಂಬಳಿಗಳನ್ನು ನೋಡಿದ, ಸಲೀಂಗೆ ತಡೆ ಎಂದು ಕೈಮಾಡಿದ. ಕಣ್ಣು ಮುಚ್ಚಿ ಎತ್ತಿಕೊಂಡ.

ನಾನು ಎಷ್ಟು ದಿನದಿಂದ ಕಾದದ್ದು! ಗಡಿಯಾರ ನೋಡುವುದನ್ನೂ ಮರೆತೆ. ಹಾಗೆ ಮೈಮರೆತಾಗಲೇ ಮುಂದಿನ ಸಾಲಿನಲ್ಲಿ ಸರಸರ ಸದ್ದಾಯಿತು. ಹಿರಿಯರೆಲ್ಲ ಚಪ್ಪಲಿ ಕಳಚಿ ಹಿಂದಕ್ಕೆ ಸರಿಸುತ್ತಿದ್ದರು. ನಲವತ್ತೊಂದು ಜೊತೆ.

ಗಿಟಾರು ಬಂತು, ‘ಹಟ್ಟಿ’ ಮುಗಿಯಿತು, ಹುಡುಗರು ಸಿಳ್ಳೆ ಹಾಕಿದರು. ಸಲೀಂ ಮುಂದಿನ ಹಾಡಿಗೆ ತಂತಿ ಮೀಟಿದ. ಮುಂದಿನ ಸಾಲಿನ ಮುದುಕನೊಬ್ಬ ಕೈ ಎತ್ತಿದ.

“ಮುಂದ?”

“ಮುಂದಿನ ಹಾಡು ಈಗ ಬರ್ತೈತಿ ತಾತಾ,” ಎಂದ ಮಲ್ಲೇಶ ಮೈಕಿನಲ್ಲಿ.

“ಮುಂದಿನ ಹಾಡಲ್ಲಪಾ. ಕೂಸು ಅಡವ್ಯಾಗ ಬಿದ್ದೈತಿ ಅಂದಿ. ಅದನ್ನ ಯಾರು ಎತ್ಕೊಂಡ್ರು?”

ಹಿಂದೆ ನಗು ಎದ್ದಿತು. ಮುಂದೆ ಯಾರೂ ನಗಲಿಲ್ಲ.

“ನಂಗ ಅಷ್ಟ ಬರತೈತಿ ತಾತಾ.”

“ಅಷ್ಟ ಬರ್ತಿದ್ರ ಯಾಕ ಶುರು ಮಾಡಿದಿ? ಬೀರಪ್ಪನ ಕತಿ ಎತ್ತಿದ ಮ್ಯಾಲ ಅವನ ಲಗ್ನಕ್ಕ ಮುಟ್ಟಸಬೇಕು. ಕೂಸಿನ್ನ ಅಡವ್ಯಾಗ ಬಿಟ್ಟು ಹೊಂಟಿಯೇನು? ಹುಲಿ ಬಂದ್ರ?”

ಯಾರೂ ಬೈಯಲಿಲ್ಲ, ಗಲಾಟೆ ಮಾಡಲಿಲ್ಲ. ಕತೆ ಮುಂದುವರಿಯಲಿ ಎಂದು ಮರ್ಯಾದೆಯಿಂದ ಕಾದರು. ಸಲೀಂ ಎರಡು ಸಲ ಹಾಡು ಶುರು ಮಾಡಿ ಎರಡು ಸಲವೂ ನಿಲ್ಲಿಸಿದ. ಮೂವತ್ತೆಂಟು ನಿಮಿಷವಾದ ಮೇಲೆ ಸಂಘದವರು ಮೈಕು ಬಂದ್ ಮಾಡಿದರು. ಹಿರಿಯರು ಎದ್ದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆದರು. ಒಬ್ಬರೂ ಕಾಲಿಗೆ ಹಾಕಲಿಲ್ಲ. ಮಲ್ಲೇಶ ವೇದಿಕೆಯ ಅಂಚಿನಲ್ಲಿ ನಿಂತು ಅವರ ಪಾದಗಳನ್ನೇ ನೋಡುತ್ತಿದ್ದ.

ಮನೆಗೆ ಬಂದಾಗ ಅತ್ತೆ ಕದಿರು ಕೆಳಗಿಟ್ಟಳು. ಅವಳು ಕದಿರು ಕೆಳಗಿಟ್ಟರೆ ವಿಷಯ ದೊಡ್ಡದು.

“ಆ ಹಾಳ್ಯಾಗ ಏನು ಬರದಿದ್ದಿ?”

“ಮೊದಲಿನಿಂದ ಹಾಡಿ ಅಂತ.”

“ಮೊದಲಿಂದ ಅಂದಾಕಿ ಕಡಿತನಕ ಕೂಡಬೇಕು. ಹಾಡಿದವನ ತಪ್ಪು ಅರ್ಧ, ಕೇಳಿದಾಕಿದು ಅರ್ಧ. ಚಪ್ಪಲಿ ಇಲ್ಲಿ ಕೊಡು.”

“ಅತ್ತಿ, ಜೂನ್ ತಿಂಗಳು! ಬಿಸಲು ನೋಡು.”

“ಬೀರಪ್ಪ ಅಡವ್ಯಾಗ ಅದಾನ, ನಿಂಗ ಬಿಸಲು ಅಂತ!”

ಚಪ್ಪಲಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ತನ್ನ ಚೀಲಕ್ಕೆ ಹಾಕಿದಳು. ಎಷ್ಟು ದಿನ ಎಂದು ಕೇಳಿದೆ. ಕತೆ ಮುಗಿಯೋತನಕ ಎಂದಳು. ಮುಗಿಸುವವರು ಯಾರು ಎಂದೆ. ಬೆಳಿಗ್ಗೆ ನೋಡಿದರೆ ಅವಳೂ ತನ್ನ ಚೀಲ ಕಟ್ಟಿಕೊಂಡು ಕೂತಿದ್ದಳು.

ನಾರಾಯಣಪೇಟೆ

ಜೂನ್ 5, ಗುರುವಾರ. ಬಸ್ ನಿಲ್ದಾಣದ ಡಾಂಬರಿಗೆ ಕಾಲಿಟ್ಟದ್ದು 11.50ಕ್ಕೆ. ಬರಿಗಾಲಲ್ಲಿ ನಡೆಯುವವರಿಗೆ ಊರಿನ ನಕ್ಷೆಯೇ ಬೇರೆ. ಯಾವ ಗೋಡೆಯ ನೆರಳು ಎಲ್ಲಿಗೆ ಮುಗಿಯುತ್ತದೆ, ಯಾವ ಅಂಗಡಿಯವರು ಮುಂದೆ ನೀರು ಚಿಮುಕಿಸುತ್ತಾರೆ ಎಂಬುದೇ ಮುಖ್ಯ. ಊರಿನ ಹೆಸರಾಂತ ಸೀರೆಗಳನ್ನು ನಾನು ನೋಡಿದ್ದು ಅಂಗಡಿಯ ಮೆಟ್ಟಿಲು ತಣ್ಣಗಿತ್ತು ಎಂಬ ಕಾರಣಕ್ಕೆ. ಅಂಗಡಿಯಾಕೆ ನನ್ನ ಕಾಲು ನೋಡಿದಳು.

“ಏಮ್ಮಾ, ಚೆಪ್ಪುಲು ಯಾಡ ಪಾಯೆ?”

ಚಪ್ಪಲಿ ಎಲ್ಲಿ ಹೋಯಿತೆಂದು. “ದೇವುಡಿಕಿ” ಎಂದೆ, ದೇವರಿಗೆ. ಆಕೆ ತಲೆಯಾಡಿಸಿ, ಕೂರಲು ಸೀರೆ ಸುತ್ತಿ ತಂದ ಗೋಣಿತಟ್ಟು ಹಾಸಿಕೊಟ್ಟಳು. ಮತ್ತೇನೂ ಕೇಳಲಿಲ್ಲ. ನಮ್ಮೂರಿನಲ್ಲಾದರೆ ಯಾವ ದೇವರು, ಏನು ಹರಕೆ, ಗಂಡು ಗೊತ್ತಾಗಲಿ ಅಂತಲೋ ಎಂದು ಕೇಳದೆ ಬಿಡುತ್ತಿರಲಿಲ್ಲ.

ಸಂಜೆಯ ಕಾರ್ಯಕ್ರಮ ಒಂದು ಶಾಲೆಯ ಅಂಗಳದಲ್ಲಿ. ವೇದಿಕೆಯ ಮುಂದೆಲ್ಲ ಶಹಾಬಾದಿನ ಫರಸಿ ಕಲ್ಲು ಹಾಸಿತ್ತು. ಸೂರ್ಯ ಇಳಿದಿದ್ದರೂ ಕಲ್ಲಿನ ಕಾವು ಇಳಿದಿರಲಿಲ್ಲ. ಒಂದು ಕಾಲು ಊರಿದರೆ ಇನ್ನೊಂದು ಎತ್ತಬೇಕು. ಎರಡನೆಯ ಹಾಡಿಗೆ ನಾನು ಹಾಗೆ ಎತ್ತಿ ಇಳಿಸಿ ಒದ್ದಾಡುತ್ತಿದ್ದೆ. ಪಕ್ಕದ ಇಬ್ಬರು ಹುಡುಗಿಯರು ನೋಡಿದರು, ಹಾಗೇ ಶುರು ಮಾಡಿದರು. ನಾಲ್ಕನೆಯ ಹಾಡಿಗೆ ಮೂರು ಸಾಲು ಅದೇ ಕುಣಿತ. ರಾಯಚೂರಿನಲ್ಲಿ ಕರಿಕಂಬಳಿಯ ಹಾಡಿಗೆ ಹೀಗೇ ಕುಣಿಯುವುದೆಂದು ಅಲ್ಲಿ ಈಗಲೂ ನಂಬಿದ್ದಾರೆ.

ಆದರೆ ವೇದಿಕೆಯ ಮೇಲೆ ಸರಿಯಿರಲಿಲ್ಲ. ಮಲ್ಲೇಶ ಮೂರು ಹಾಡಿನಲ್ಲಿ ಪದ ಮರೆತ. ಹತ್ತೊಂಬತ್ತು ಕಾರ್ಯಕ್ರಮಗಳಲ್ಲಿ ಅವನು ಒಟ್ಟು ಮರೆತದ್ದು ಎರಡೇ ಸಲ. ಜನ ಕುಣಿಯುತ್ತಿದ್ದರು, ಅವನು ಅವರ ಕಾಲುಗಳನ್ನು ನೋಡುತ್ತಿದ್ದ.

ಮುಗಿದ ಮೇಲೆ ನಾನೂ ಅತ್ತೆಯೂ ವೇದಿಕೆಯ ಹಿಂದಕ್ಕೆ ಹೋದೆವು. ಸಲೀಂ ಅವನೊಂದಿಗೆ ಜಗಳಕ್ಕೆ ನಿಂತಿದ್ದ.

“ಗದ್ವಾಲ ಒಂದು ಆಗಲಿ, ಆಮ್ಯಾಲ ನಾ ಹಾಡಾಂಗಿಲ್ಲ,” ಎಂದ ಮಲ್ಲೇಶ. “ಬಾಯಿ ತೆಗದ್ರ ‘ಮುಂದ?’ ಅಂದಾಂಗ ಆಗತೈತಿ.”

“ನಕ್ಕೋ ಯಾರ್, ಒಬ್ಬ ಮುದುಕ ಕೇಳಿದ್ದಕ್ಕ ಬ್ಯಾಂಡ್ ಬಿಡ್ತಾರೇನು?”

“ನಮ್ಮಜ್ಜ ಹೇಳ್ತಿದ್ದ, ತುದಿ ಗೊತ್ತಿಲ್ಲದ ಕತಿ ಬಾಯಾಗ ಹಾಕ್ಕೋಬ್ಯಾಡ ಅಂತ. ಅದಕ್ಕ ಸ್ಟೇಜಿನಾಗ ಹಾಡ್ತಿದ್ದಿಲ್ಲ.”

ನನಗೆ ನಿಂತ ನೆಲ ಇನ್ನಷ್ಟು ಸುಟ್ಟಂತಾಯಿತು. ಹಾಳೆ ಎತ್ತಿ ಹಿಡಿದವಳು ನಾನು. ಇವರು ಒಡೆದು ಹೋದರೆ ನನ್ನ ಡೈರಿಯ ಕೊನೆಯ ಅಂಕಿ ಇಪ್ಪತ್ತೆರಡಕ್ಕೆ ನಿಲ್ಲುತ್ತದೆ, ಅದೂ ನನ್ನ ಕೈಯಿಂದಲೇ.

ಅತ್ತೆ ಮುಂದೆ ಬಂದಳು. “ಯಾರ ಮೊಮ್ಮಗ ನೀ?”

“ಕೊತ್ತಪಲ್ಲಿ ಕತಿ ನಿಂಗಪ್ಪನ ಮೊಮ್ಮಗರಿ.”

“ಹಂಗಂತ ಮದಲ ಹೇಳಬಾರದಾ! ನಿಮ್ಮಜ್ಜ ಕತಿ ಹೇಳಿದ್ರ ಬಾಜೂಕ ಕುಂತು ಡೊಳ್ಳು ಬಾರಿಸ್ಕೊಂತ ‘ಮುಂದ?’ ಅಂತಿದ್ದನಲ್ಲ, ತಿಪ್ಪಣ್ಣ? ಐಜದಾಗ ಮಗಳ ಮನ್ಯಾಗ ಅದಾನ. ಅವನ ಕಿವ್ಯಾಗ ಪೂರಾ ಕತಿ ಇರಬೇಕು.”

“ಅಮ್ಮಾ, ಏಳನೇ ತಾರೀಖು ಗದ್ವಾಲದಾಗ ಶೋ ಐತ್ರಿ,” ಎಂದ ಸಲೀಂ.

“ಅದು ಸಂಜಿಗೆ. ಮುಂಜಾನಿ ಏನು ಮಾಡ್ತಿ? ಮಕ್ಕೋತಿ. ಎದ್ದು ಬಾ.”

ಜೂರಾಲ ದಾಟುತ್ತಾ

ಜೂನ್ 6. ಬ್ಯಾಂಡಿನವರು ತಮ್ಮ ವ್ಯಾನಿನಲ್ಲಿ ಹೋದರು. ನಾವಿಬ್ಬರು ಮಕ್ತಲ್‌ಗೆ ಹಿಂದಿರುಗಿ ಗದ್ವಾಲದ ಬಸ್ಸು ಹಿಡಿದೆವು. ಪಾದದಲ್ಲಿ ನಾಲ್ಕು ಗುಳ್ಳೆ: ಎಡಕ್ಕೆ ಮೂರು, ಬಲಕ್ಕೆ ಒಂದು. ಬಸ್ಸಿನ ತಗಡಿನ ನೆಲ ಕಾದಿತ್ತು. ಕಂಡಕ್ಟರು ಮಾತಿಲ್ಲದೆ ತನ್ನ ದಿನಪತ್ರಿಕೆಯನ್ನು ನನ್ನ ಕಾಲ ಕೆಳಗೆ ಹಾಸಿದರು. ಹೊಸ ರಾಜ್ಯದ ಮೊದಲ ವಾರದ ಸುದ್ದಿಯೆಲ್ಲ ಅದರಲ್ಲಿತ್ತು. ನಾನು ಕಾಲೆತ್ತಲು ಹೋದರೆ, “ಪರವಾಲೇದು ಪಾಪಾ, ಪೊದ್ದುನ್ನೇ ಸದಿವಿನ” ಎಂದರು. ಬೆಳಿಗ್ಗೆಯೇ ಓದಿ ಮುಗಿಸಿದ್ದಾರಂತೆ.

ಜೂರಾಲದ ಅಣೆಕಟ್ಟಿನ ಮೇಲೆ ಮತ್ತೆ ಕೃಷ್ಣೆ. ಅತ್ತೆ ಕಿಟಕಿಯಿಂದ ಬಗ್ಗಿ, “ಬೀರಪ್ಪನೂ ಲಗ್ನಕ್ಕ ಹೋಗಾಗ ಒಂದು ಹೊಳಿ ದಾಟ್ತಾನ ನೋಡು” ಎಂದಳು. ಹೇಗೆ ದಾಟುತ್ತಾನೆ ಎಂದೆ. “ನಂಗೇನು ಗೊತ್ತು? ರಾತ್ರಿ ಪೂರಾ ಹೇಳೋ ಕತಿ, ಅದು ನಸುಕಿನಾಗ ಬರ್ತಿತ್ತು. ನಾ ಸಣ್ಣಾಕಿ, ಮಕ್ಕೊಂಡಿರತಿದ್ದೆ.” ಆಗ ಅದನ್ನು ಸುಮ್ಮನೆ ಬರೆದುಕೊಂಡೆ.

ಐಜ

ಜೂನ್ 7, ಶನಿವಾರ, ಬೆಳಿಗ್ಗೆ 6.05. ಗದ್ವಾಲದಿಂದ ನಸುಕಿನಲ್ಲೇ ಬ್ಯಾಂಡಿನ ವ್ಯಾನಿನಲ್ಲಿ ಬಂದಿದ್ದೆವು. ಬೀರಪ್ಪನ ಗುಡಿಯ ಮುಂದಿನ ಕಟ್ಟೆ. ತಿಪ್ಪಣ್ಣಜ್ಜ ಎಂಬತ್ತರ ಸಣಕಲು ಮನುಷ್ಯ. ಮಲ್ಲೇಶನ ಗದ್ದ ಹಿಡಿದೆತ್ತಿ ಮುಖ ನೋಡಿದರು.

“ಮೂಗು ನಿಂಗಪ್ಪಂದ. ದನಿ ನೋಡಾಮು.”

“ನಂಗ ಕತಿ ಕಲಸ್ರಿ ಅಜ್ಜ.”

“ನಾ ಕತಿ ಹೇಳಿದವನಲ್ಲಪಾ, ‘ಮುಂದ’ ಅಂದವನು. ಆದ್ರ ನಲವತ್ತು ವರ್ಷ ಅಂದೀನಿ. ನಾ ಒಂದೊಂದು ತುಂಡು ಹೇಳ್ತೀನಿ, ನೀ ಹಾಡು. ಮತ್ತ ಈಗ ‘ಮುಂದ’ ಅನ್ನೋರು ಯಾರು?”

ಅತ್ತೆ ನನ್ನನ್ನು ಮುಂದಕ್ಕೆ ನೂಕಿದಳು. “ಈಕಿನ. ಮೊದಲಿಂದ ಬೇಕು ಅಂದಾಕಿ.”

ಮಲ್ಲೇಶ ತನ್ನ ಬೂಟು ಬಿಚ್ಚಿ ಕಟ್ಟೆ ಹತ್ತಿದ. ಸುತ್ತ ಹತ್ತೊಂಬತ್ತು ಜನ ಸೇರಿದರು. ಅಜ್ಜ ಮೆಲ್ಲಗೆ ಹೇಳುತ್ತಿದ್ದರು, ಮಲ್ಲೇಶ ಅದನ್ನೆತ್ತಿ ಹಾಡುತ್ತಿದ್ದ, ನಿಂತಲ್ಲಿ ನಾನು ‘ಮುಂದ?’ ಎನ್ನಬೇಕು. ಮೊದಮೊದಲು ನನ್ನ ದನಿ ಏಳಲಿಲ್ಲ.

“ಜೋರಾಗಿ ಅನ್ನು ತಂಗಿ. ಬೀರಪ್ಪಗ ನಿದ್ದಿ ಬಂದೀತು.”

ಏಳೂಕಾಲಿಗೆ ಬೀರಪ್ಪನ ಅಕ್ಕ ಬಂದು ಅಡವಿಯಲ್ಲಿದ್ದ ಕೂಸನ್ನು ಎತ್ತಿಕೊಂಡಳು. ನಾನು ಅಲ್ಲಿಯವರೆಗೆ ಬಿಗಿ ಹಿಡಿದಿದ್ದ ಉಸಿರು ಬಿಟ್ಟೆ. ಮಲ್ಲೇಶನೂ ಹಾಗೇ ಮಾಡಿದ್ದು ಕೇಳಿಸಿತು. ಸಲೀಂ ಮೊದಲು ಗಡಿಯಾರ ನೋಡುತ್ತಿದ್ದವನು ಎಂಟರ ಹೊತ್ತಿಗೆ ಗಿಟಾರಿನ ಡಬ್ಬಿಯ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದ. ಕೂಸು ಬೆಳೆಯಿತು, ಕುರಿ ಕಾಯಿತು, ಹೆಣ್ಣಿನ ಊರಿನ ಸುದ್ದಿ ಕೇಳಿತು. 11.20ಕ್ಕೆ ಬೀರಪ್ಪ ಮದುವೆಗೆ ಹೊರಟು ಹೊಳೆಯ ದಂಡೆಗೆ ಬಂದ. ಹೊಳೆ ತುಂಬಿ ಹರಿಯುತ್ತಿತ್ತು, ದೋಣಿಯಿರಲಿಲ್ಲ.

“ಮುಂದ?” ಎಂದೆ.

ಅಜ್ಜ ತೊಡೆಯ ಮೇಲೆ ಎರಡು ಪೆಟ್ಟು ತಾಳ ಹಾಕಿ ನಿಲ್ಲಿಸಿದರು.

“ಮುಂದ?” ಎಂದೆ ಇನ್ನೂ ಜೋರಾಗಿ.

“ಇಲ್ಲ ತಂಗಿ.”

ಯಾರಿಗೂ ತಿಳಿಯಲಿಲ್ಲ. ಅಜ್ಜ ತಮ್ಮ ಎರಡೂ ಅಂಗೈ ಮುಂದೆ ಹಿಡಿದು ನೋಡಿಕೊಂಡರು.

“ಇಬ್ಬನಿಗೆ ಡೊಳ್ಳಿನ ತೊಗಲು ಸಡಲ ಆಗತೈತಿ. ಹೊಳಿ ಬಂತು ಅಂದ ಕೂಡಲೇ ನಿಂಗಪ್ಪ ನಂಗ ಕಣ್ಣು ಮಾಡ್ತಿದ್ದ. ನಾ ಡೊಳ್ಳು ತಗೊಂಡು ಹೊರಗ ಬೆಂಕಿಗೆ ಕಾಸಾಕ ಹೋಗ್ತಿದ್ದೆ. ವಾಪಸ್ ಬರೋದ್ರಾಗ ಬೀರಪ್ಪ ಆ ದಂಡಿಗೆ ಇರತಿದ್ದ. ನಲವತ್ತು ವರ್ಷ ಹಂಗ. ಈ ದಂಡಿ ಐತಿ ನನ್ನ ಕಡಿ, ಆ ದಂಡಿ ಐತಿ. ನಡುವ ಇಲ್ಲ.”

ಸುತ್ತ ಕೂತವರನ್ನು ಒಬ್ಬೊಬ್ಬರನ್ನಾಗಿ ಕೇಳಿದೆವು. ಎಲ್ಲರೂ ಕತೆ ಕೇಳಿದವರೇ, ಎಲ್ಲರೂ ಆ ಹೊತ್ತಿಗೆ ಮಲಗಿದವರೇ. ಒಬ್ಬಾಕೆ ಮಾತ್ರ, “ನಂಗ ಚಲೋ ನೆನಪೈತಿ” ಎಂದಳು. ಎಲ್ಲರೂ ತಿರುಗಿದೆವು. “ಅವತ್ತು ನನ್ನ ತೊಡಿ ಮ್ಯಾಲ ನಮ್ಮತ್ತಿ ತಲಿ ಇಟ್ಟು ಗೊರಕಿ ಹೊಡ್ಯಾಕತ್ತಿದ್ಲು. ಏನೂ ಕೇಳಸಲಿಲ್ಲ.”

“ಈಜಿ ದಾಟಿರಬೇಕು ಬಿಡ್ರಿ ಅಜ್ಜ,” ಎಂದ ಸಲೀಂ.

“ನಿಂಗ ಈಜು ಬರತೈತೇನು?”

“ಇಲ್ರಿ.”

“ಮತ್ತ ಅವನ ಕೆಲಸ ಅಷ್ಟು ಹಗುರ ಮಾಡಬ್ಯಾಡ.”

ಬೇರೆ ದಾರಿಯಿಲ್ಲದೆ ಆಚೆ ದಂಡೆಯಿಂದ ಎತ್ತಿಕೊಂಡರು. 12.40ಕ್ಕೆ ಅಕ್ಷತೆ ಬಿತ್ತು. ನಾನು ‘ಮುಂದ?’ ಎಂದದ್ದು ಒಟ್ಟು ಇನ್ನೂರ ಹದಿನಾಲ್ಕು ಸಲ. ಅದರಲ್ಲಿ ಇನ್ನೂರ ಹನ್ನೆರಡಕ್ಕೆ ಉತ್ತರ ಬಂತು.

ಅತ್ತೆ ಸೀರೆಯ ತುಂಡು ಬಿಚ್ಚಿ ನನ್ನ ಚಪ್ಪಲಿ ತೆಗೆದಳು. ನಾನು ಅಜ್ಜನ ಮುಖ ನೋಡಿದೆ.

“ಹಾಕ್ಕೋ ತಂಗಿ. ಕೇಳೋದು ನಿನ್ನ ಕೆಲಸ, ನೀ ಕಡಿತನಕ ಕೇಳಿದಿ. ಉಳದದ್ದು ನಂದು.”

ಅವರು ತಮ್ಮ ಚಪ್ಪಲಿಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಕಟ್ಟೆ ಇಳಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಮಗಳ ಮನೆಗೆ ಎರಡು ಓಣಿ. ಮಲ್ಲೇಶ ತನ್ನ ಬೂಟು ನೋಡಿದ, ಅದರ ಲೇಸು ಗಂಟು ಹಾಕಿ ಹೆಗಲಿಗೆ ತೂಗುಬಿಟ್ಟು ಅವರ ಹಿಂದೆ ನಡೆದ.

ಗದ್ವಾಲ

ಅದೇ ಸಂಜೆ, ಏಳು ಗಂಟೆ. ನನ್ನ ಇಪ್ಪತ್ತೆರಡನೆಯ ಕಾರ್ಯಕ್ರಮ. ಗದ್ವಾಲದ ಕೋಟೆ ನೋಡಬೇಕೆಂದು ಬರೆದುಕೊಂಡಿದ್ದೆ, ಅದರ ಗೋಡೆಯ ಪಕ್ಕದಲ್ಲಿ ಆಟೊದಲ್ಲಿ ಹೋದೆ ಅಷ್ಟೆ. ಹದಿನಾಲ್ಕು ಹಾಡು. ಮರೆತ ಪದ ಸೊನ್ನೆ. ಮಲ್ಲೇಶ ಬರಿಗಾಲಲ್ಲಿ ಹಾಡಿದ. ಮುಂದಿನ ಸಾಲಿನ ಹುಡುಗರು ‘ಹಟ್ಟಿ’, ‘ಹಟ್ಟಿ’ ಎಂದು ಕೂಗಿದರು.

“ಅದು ಹೊಳಿ ದಂಡ್ಯಾಗ ನಿಂತೈತ್ರಿ,” ಎಂದ ಮೈಕಿನಲ್ಲಿ. “ದಾಟಿದ ಮ್ಯಾಲ ಹಾಡ್ತೀನಿ.”

ಮುಗಿದ ಮೇಲೆ ಸಲೀಂ ನನ್ನ ಡೈರಿ ಕೇಳಿ ಪಡೆದು ‘ಹಟ್ಟಿ’ಯ ಪುಟ ತೆಗೆದ. “ಹಾಡು ಸಿಗೋತನಕ ಬ್ಯಾಂಡ್ ಇರತೈತಿ ಅಂತ ಬರ್ಕೋರಿ ಅಕ್ಕ. ಆಮ್ಯಾಲಿಂದು ಆಮ್ಯಾಲ.” ಬರೆದುಕೊಂಡೆ. ತಾರೀಖು, ಸಮಯ ಹಾಕಿದೆ: 9.05.

ಇದನ್ನು ಬರೆಯುವಾಗ ಜುಲೈ ಬಂದಿದೆ. ಅತ್ತೆ ಮಕ್ತಲ್‌ನ ನಲವತ್ತೊಂದು ಜನರಿಗೂ ಸುದ್ದಿ ಮುಟ್ಟಿಸಿದ್ದಾಳೆ. ಮೂವತ್ತಾರು ಜನ ಒಪ್ಪಿ ಚಪ್ಪಲಿ ಹಾಕಿಕೊಂಡಿದ್ದಾರಂತೆ, ಐದು ಜನ ಒಪ್ಪಿಲ್ಲ. ನಾನು ಎರಡು ಭಾನುವಾರ ಕೊತ್ತಪಲ್ಲಿಗೆ ಹೋಗಿ ಹದಿನೇಳು ಹಿರಿಯರನ್ನು ಕೇಳಿ ಬಂದೆ. ಹದಿನೇಳು ಜನವೂ ನಿದ್ದೆ ಮಾಡಿದ್ದರು.

ಎಲ್ಲಾದರೂ ಒಬ್ಬರು ಎಚ್ಚರವಿದ್ದಿರಲೇಬೇಕು. ಹೊಳೆಯ ಈ ಕಡೆಯವರಾಗಲಿ ಆ ಕಡೆಯವರಾಗಲಿ, ನಿಮ್ಮ ಮನೆಯ ಹಿರಿಯರು ಕೊತ್ತಪಲ್ಲಿ ನಿಂಗಪ್ಪನ ಬಾಯಲ್ಲಿ ಬೀರಪ್ಪನ ಕತೆ ಕೇಳಿದ್ದರೆ, ನಸುಕಿನಲ್ಲಿ ಅವರಿಗೆ ನಿದ್ದೆ ಬಂದಿರದಿದ್ದರೆ, ದಯವಿಟ್ಟು ಕೇಳಿ ನೋಡಿ: ದೋಣಿಯಿಲ್ಲದೆ ಬೀರಪ್ಪ ಹೊಳೆ ಹೇಗೆ ದಾಟಿದ? ಕನ್ನಡವೋ ತೆಲುಗೋ, ಪದವೋ ಬರಿಯ ಮಾತೋ, ಎರಡೇ ಸಾಲಾದರೂ ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಮಳೆ ಹಿಡಿದಿದೆ, ಐಜದ ಓಣಿಯೆಲ್ಲ ಕೆಸರು. ಅಜ್ಜ ಇನ್ನೂ ಬರಿಗಾಲಲ್ಲಿದ್ದಾರೆ.